ಬಾಗಿಲಿಲ್ಲದ ಪ್ರೆಸ್ಸು

ಹಾಲಪ್ಪನವರು ದಾವಣಗೆರೆಯ ಹತ್ತಿ ಪ್ರೆಸ್ಸಿನಲ್ಲಿ ಫಿಟ್ಟರ್ ಆಗಿದ್ದ ಕಾಲದಲ್ಲಿ ಅವರ ಕೈಯಿಂದ ಸ್ಪ್ಯಾನರ್ ಜಾರಿ ಬಿದ್ದರೆ ಹರಿಹರದಲ್ಲಿ ಮಲಗಿದ್ದವರು ಎದ್ದು ಕೂರುತ್ತಿದ್ದರಂತೆ. ಹೀಗೆಂದು ಹೇಳುತ್ತಿದ್ದವರು ಹಾಲಪ್ಪನವರೇ. ಹೆಂಡತಿ ಶಿವಮ್ಮ ಪಕ್ಕದಲ್ಲಿದ್ದರೆ ಈ ಕಥೆಗೆ ಒಂದು ಬಾಲವೂ ಸೇರುತ್ತಿತ್ತು.

"ಹರಿಹರದೋರು ಎದ್ರೋ ಬಿಟ್ರೋ ನಂಗೊತ್ತಿಲ್ಲಪ್ಪ. ಇವರ ಗೊರಕೆಗೆ ನಾನಂತೂ ನಲವತ್ತೆಂಟು ವರ್ಷದಿಂದ ಎದ್ದೇ ಕೂತಿದೀನಿ."

ಆ ಪ್ರೆಸ್ಸು ಎರಡಂತಸ್ತಿನ ಮನೆಯಷ್ಟು ಎತ್ತರವಿತ್ತು. ಯಾರ ಮುತ್ತಾತನ ಕಾಲದಲ್ಲೋ ಹಡಗಿನಲ್ಲಿ ಬಂದದ್ದು. ಮೇಲಿನ ಪೆಟ್ಟಿಗೆಗೆ ಹತ್ತಿ ಸುರಿದು, ಆಳುಗಳು ಇಳಿದು ತುಳಿದು, ಬಾಗಿಲು ಹಾಕಿ ಒತ್ತಿದರೆ, ಮದುವೆ ಛತ್ರ ತುಂಬುವಷ್ಟಿದ್ದ ಹತ್ತಿ ಒಂದು ಟ್ರಂಕಿನ ಗಾತ್ರಕ್ಕೆ ಕುಗ್ಗಿ, ಮೈಗೆ ಕಬ್ಬಿಣದ ಪಟ್ಟಿ ಬಿಗಿಸಿಕೊಂಡು ಬೇಲು ಎನ್ನುವ ಹೆಸರಿನಲ್ಲಿ ಹೊರಗೆ ಬರುತ್ತಿತ್ತು. ಒಂದು ಬೇಲಿಗೆ ಒಂದು ಸಲ ಬಾಗಿಲು ಹಾಕಬೇಕು, ಒಂದು ಸಲ ತೆಗೆಯಬೇಕು. ಬಾಗಿಲಿನ ಕೊಂಡಿಗೆ ಹಾಲಪ್ಪನವರ ಕೈ ತಾಗದೆ ಯಾವ ಬೇಲೂ ಹೊರಲೋಕ ಕಂಡದ್ದಿಲ್ಲ. ಊರಿನಲ್ಲಿ ಹಾಲಪ್ಪ ಎನ್ನುವವರು ಮುನ್ನೂರು ಜನ ಇದ್ದರೇನೋ. ಪ್ರೆಸ್ ಹಾಲಪ್ಪ ಎಂದರೆ ಮಾತ್ರ ಪೋಸ್ಟ್‌ಮ್ಯಾನ್ ನೇರವಾಗಿ ಇವರ ಮನೆಗೇ ಬರುತ್ತಿದ್ದ. ಕಣ್ಣು ಮುಚ್ಚಿ ಬೇರಿಂಗ್ ಮೇಲೆ ಬೆರಳಿಟ್ಟರೆ ಅದು ಯಾವ ವರ್ಷ ಯಾವ ವಾರ ಕೂಡಿಸಿದ್ದು ಎಂದು ಹೇಳುತ್ತಿದ್ದರು. ಒಮ್ಮೆ ಹೇಳಿದ ಮಾತನ್ನು ಮತ್ತೆ ವಾಪಸ್ ತೆಗೆದುಕೊಂಡದ್ದು ಯಾರಿಗೂ ನೆನಪಿಲ್ಲ.

ತೊಂಬತ್ತಾರನೇ ಇಸವಿಯಲ್ಲಿ ಫ್ಯಾಕ್ಟರಿ ಮುಚ್ಚಿತು. ಗುಜರಿಯವರು ಗ್ಯಾಸ್ ಕಟರ್ ಹಿಡಿದು ಬಂದರು. "ಈ ಯಂತ್ರ ಇನ್ನು ಯಾವ ಉಪಯೋಗಕ್ಕೂ ಬಾರದು" ಎಂದು ಬಲ್ಲವರೊಬ್ಬರು ಕಾಗದದ ಮೇಲೆ ಹೇಳಬೇಕಿತ್ತು. ಬಲ್ಲವರು ಹಾಲಪ್ಪನವರೊಬ್ಬರೇ. ಊಟದ ಹೊತ್ತಾಗಿತ್ತು, ಸಹಿ ಹಾಕಿ ಎದ್ದು ಹೋದರು. ಕತ್ತರಿಸಲು ಮೂರು ದಿನ ಹಿಡಿಯಿತು. ಎರಡು ದಿನ ಹೋಗಿ ನಿಂತು ನೋಡಿದರು, ಮೂರನೆಯ ದಿನ ಹೋಗಲಿಲ್ಲ. ತಮ್ಮ ಬದುಕಿನ ಪ್ರತಿಯೊಂದು ಸಂಗತಿಯನ್ನೂ ಹತ್ತು ಪಟ್ಟು ಉಬ್ಬಿಸಿ ಹೇಳುತ್ತಿದ್ದ ಹಾಲಪ್ಪನವರು ಆ ಸಹಿಯ ವಿಷಯವನ್ನು ಮಾತ್ರ ಇದ್ದಷ್ಟೂ ಹೇಳುತ್ತಿರಲಿಲ್ಲ.

ಮಗಳು ರಂಜನಿ ಡಾಕ್ಟರಾಗಿ ಪರ್ತ್ ಸೇರಿದಳು. ಮೊಮ್ಮಗಳು ನಿಹಾರಿಕಾ ಹುಟ್ಟಿದಾಗ ಬಾಣಂತನಕ್ಕೆಂದು ಗಂಡಹೆಂಡತಿ ಬಂದವರು ಹಾಗೇ ಉಳಿದರು. ಆ ಬಾಣಂತನ ಈಗ ಹದಿನೈದು ವರ್ಷದಿಂದ ನಡೆಯುತ್ತಿದೆ ಎಂದು ಅಳಿಯ ಅಕ್ಷಯ ತಮಾಷೆ ಮಾಡುತ್ತಾನೆ, ಅತ್ತೆ ಕೋಣೆಯಲ್ಲಿ ಇಲ್ಲದಾಗ.

ಪರ್ತಿನಲ್ಲಿ ಮನೆ ಇದ್ದದ್ದು ಬೆಂಟ್ಲಿಯಲ್ಲಿ. ಸುತ್ತಲೂ ಯೂನಿವರ್ಸಿಟಿ ಹುಡುಗರು. ಪಕ್ಕದ ಮನೆಯಲ್ಲಿ ಏಳು ಜನ ಸೇರಿ ಬಾಡಿಗೆಗಿದ್ದ ಕರ್ನಾಟಕದ ವಿದ್ಯಾರ್ಥಿಗಳು. "ಅಂಕಲ್, ವಾಷಿಂಗ್ ಮಷೀನ್ ಕುಣೀತಾ ಬಾಗಿಲವರೆಗೂ ಬಂದ್ಬಿಟ್ಟಿದೆ" ಎಂದು ನಿಖಿಲ ಎನ್ನುವವನು ಓಡಿ ಬಂದರೆ ಹಾಲಪ್ಪನವರು ಗೋಡೆಗೆ ಕಿವಿ ಕೊಟ್ಟು, ಇಲ್ಲಿಂದಲೇ "ಬೇರಿಂಗ್ ಹೋಗೇತಿ" ಎನ್ನುತ್ತಿದ್ದರು. ಭಾನುವಾರ ರೈಲು ಹತ್ತಿ ಫ್ರೀಮ್ಯಾಂಟಲ್ ಬಂದರಿಗೆ ಹೋಗಿ ಕ್ರೇನುಗಳನ್ನು ನೋಡುತ್ತ ನಿಂತರೆ, ಶಿವಮ್ಮ ತಂದ ಚಿತ್ರಾನ್ನ ಡಬ್ಬಿಯಲ್ಲೇ ಹಳಸಬೇಕು. ಒಮ್ಮೆ ಬಂದರಿನ ಹತ್ತಿರ ಬಾಗಿಲು ತೆರೆದ ಕಂಟೇನರಿನಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ ಒಣಹುಲ್ಲಿನ ಬೇಲುಗಳು ಕಂಡವು. ಜಪಾನಿನ ದನಗಳಿಗೆ ಹೋಗುತ್ತವೆ ಎಂದರು. ಹುಲ್ಲನ್ನು ಹಡಗಿನಲ್ಲಿ ಕಳಿಸುವುದೆಂದರೇನು! ಆಮೇಲೆ ಆರು ತಿಂಗಳು ಊರಿಗೆ ಫೋನ್ ಮಾಡಿದಾಗಲೆಲ್ಲ ಜಪಾನಿನ ದನಗಳೇ. ಪ್ರತಿ ಫೋನಿಗೂ ಆ ದನಗಳು ಒಂದೊಂದು ಅಡಿ ಎತ್ತರವಾಗುತ್ತಿದ್ದವು.

ಆಮೇಲೆ ಬ್ರಿಸ್ಬೇನ್. ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಹದಿನಾಲ್ಕನೇ ಮಹಡಿ. ಮುಟ್ಟಲು ಒಂದು ನಟ್ಟು ಬೋಲ್ಟು ಇಲ್ಲದ ಮನೆ. ಲಿಫ್ಟ್ ಒಂದೇ ಅವರ ಪಾಲಿನ ಯಂತ್ರ. ಸದ್ದು ಕೇಳಿ "ಇದು ಎರಡು ದಿನದಲ್ಲಿ ನಿಲ್ತದೆ" ಎಂದು ಅಳಿಯನಿಗೆ ಹೇಳಿದರು. ಎರಡನೆಯ ದಿನ ನಿಂತಿತು. ಒಳಗೆ ಸಿಕ್ಕಿಕೊಂಡವರು ಶಿವಮ್ಮ. ಮೆಕ್ಯಾನಿಕ್ ಬರುವಷ್ಟರಲ್ಲಿ ಅವರು ಚೀಲದಲ್ಲಿದ್ದ ಬಟಾಣಿಯನ್ನೆಲ್ಲ ಲಿಫ್ಟಿನೊಳಗೇ ಕೂತು ಬಿಡಿಸಿ ಮುಗಿಸಿದ್ದರು. "ಗೊತ್ತಿದ್ದೂ ಹೇಳಲಿಲ್ವಲ್ರೀ" ಎಂಬುದು ಈಗಲೂ ತಿಂಗಳಿಗೊಮ್ಮೆ ಹೊರಬರುವ ಮಾತು.

ಐದಾರು ವರ್ಷದ ಹಿಂದೆ ಎಲ್ಲರೂ ಅಡಿಲೇಡಿಗೆ ಬಂದರು. ಇಲ್ಲಿ ನೆಲದ ಮೇಲೆ ಮನೆ, ಮನೆಗೊಂದು ಗ್ಯಾರೇಜು. ಹಾಲಪ್ಪನವರು ಗ್ಯಾರೇಜಿನಲ್ಲೂ ಶಿವಮ್ಮ ಅಡುಗೆಮನೆಯಲ್ಲೂ ರಾಜ್ಯ ಸ್ಥಾಪಿಸಿದರು. ಶಿವಮ್ಮನಿಗೆ ಒಂದೇ ಕೊರಗು: ಕೂರಲು ಒಂದು ಮಣೆ ಇಲ್ಲ. ಅಡುಗೆಮನೆಯಲ್ಲಿದ್ದದ್ದು ಎತ್ತರದ ಸ್ಟೂಲುಗಳು. "ಹತ್ತಿದ್ರೆ ಕಾಗೆ ಹಂಗೆ ಕೂರ್ಬೇಕು, ಇಳಿಯಾಕೆ ಫೈರ್ ಇಂಜಿನ್ ಬರ್ಬೇಕು" ಎನ್ನುತ್ತಿದ್ದರು.

ರಂಜನಿಯ ಕ್ಲಿನಿಕ್ಕಿಗೆ ಮಂಡಿ ನೋವೆಂದು ಡೆಸ್ ಎನ್ನುವ ಮುದುಕ ಬರುತ್ತಿದ್ದ. ಎಪ್ಪತ್ತೆಂಟು ವರ್ಷ. ನಲವತ್ತು ವರ್ಷ ಕುರಿಗಳ ಉಣ್ಣೆ ಕತ್ತರಿಸಿದವನು. ಈಗ ಗುಡ್ಡಗಳಾಚೆಯ ಒಂದು ಸಣ್ಣ ಊರಿನಲ್ಲಿ ಹಳೇ ಯಂತ್ರಗಳ ಕ್ಲಬ್ಬಿನ ಕಾರ್ಯದರ್ಶಿ. ಮಂಡಿಯ ಬಗ್ಗೆ ಎರಡು ನಿಮಿಷ, ಯಂತ್ರಗಳ ಬಗ್ಗೆ ಇಪ್ಪತ್ತು ನಿಮಿಷ ಮಾತಾಡುತ್ತಿದ್ದ. ಆ ಊರಿನ ಹೊರಗೆ ಒಂದು ಹಳೇ ಶೆಡ್ಡು, ಜಾಗ ಮಾರಾಟವಾಗಿದೆ, ಮುಂದಿನ ವಾರದ ಶುಕ್ರವಾರ ಬೆಳಿಗ್ಗೆ ಗುಜರಿ ಲಾರಿ ಬರುತ್ತದೆ. ಬೇರೆಲ್ಲವನ್ನೂ ಕ್ಲಬ್ಬಿನ ಮ್ಯೂಸಿಯಮ್ಮಿಗೆ ಸಾಗಿಸಿಯಾಗಿದೆ. ಒಂದು ಯಂತ್ರ ಮಾತ್ರ ಏನೆಂದೇ ಗೊತ್ತಾಗುತ್ತಿಲ್ಲ, ಹೆಸರಿನ ಫಲಕ ಕಿತ್ತುಹೋಗಿದೆ.

"ನಮ್ಮಪ್ಪ ಪ್ರೆಸ್ ಫಿಟ್ಟರ್" ಎಂದಳು ರಂಜನಿ. ಡೆಸ್‌ನ ಮಂಡಿನೋವು ಅಲ್ಲೇ ವಾಸಿಯಾಯಿತು.

ಶನಿವಾರ ಮೂವರೂ ಹೊರಟರು; ಮಾತು ದಾಟಿಸಲು ರಂಜನಿ, ಚಿತ್ರಾನ್ನ ದಾಟಿಸಲು ಶಿವಮ್ಮ. ಶೆಡ್ಡಿನ ಮೂಲೆಯಲ್ಲಿ ಮುಳ್ಳುಬಳ್ಳಿ ಹೊದ್ದು ಅದು ಮಲಗಿತ್ತು. ಹನ್ನೆರಡು ಅಡಿ ಉದ್ದದ ಮರದ ಪೆಟ್ಟಿಗೆ, ಸುತ್ತ ಕಬ್ಬಿಣದ ಪಟ್ಟಿ, ಒಂದು ತುದಿಯಲ್ಲಿ ಆಳೆತ್ತರದ ಚಕ್ರ, ಒಳಗೆ ಹಿಂದೆ ಮುಂದೆ ಸರಿಯುವ ದಪ್ಪ ದಬ್ಬುಹಲಗೆ. ಪೆಟ್ಟಿಗೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ 'ಉಣ್ಣೆ ಪ್ರೆಸ್?' ಎಂದು ಬರೆದಿದ್ದರು.

"ಬರೆದವನು ನಾನೇ" ಎಂದ ಡೆಸ್. "ಆದ್ರೆ ಉಣ್ಣೆ ಪ್ರೆಸ್ ನಿಂತಿರುತ್ತೆ, ಇದು ಮಲಗಿದೆ. ಅದಲ್ಲದೆ ನಮ್ಮ ಮ್ಯೂಸಿಯಮ್ಮಲ್ಲಿ ಉಣ್ಣೆ ಪ್ರೆಸ್ ಆಗಲೇ ಹನ್ನೊಂದಿವೆ. ಹನ್ನೆರಡನೇದು ತಂದ್ರೆ ಕಮಿಟಿಯವರು ನನ್ನನ್ನೇ ಅದರೊಳಗೆ ಹಾಕಿ ಒತ್ತುತ್ತಾರೆ. ಬೇರೆ ಏನಾದ್ರೂ ಆಗಿದ್ರೆ ಮಾತ್ರ ಉಳಿಯುತ್ತೆ, ಮೇಟ್."

ಹಾಲಪ್ಪನವರಿಗೆ ಇದನ್ನು ರಂಜನಿ ಅನುವಾದಿಸುವ ಮೊದಲೇ ಅರ್ಥವಾಗಿತ್ತು. ಅವರ ಇಂಗ್ಲಿಷಿನಲ್ಲಿ ಕ್ರಿಯಾಪದಗಳೇ ಇರಲಿಲ್ಲ. ಶಾಫ್ಟು, ಬುಷ್ಷು, ಪುಲ್ಲಿ, ಗೇರು ಇಷ್ಟರಲ್ಲೇ ಹದಿನೈದು ವರ್ಷ ಮೂರು ಊರು ದಾಟಿದ್ದರು. ಟವೆಲ್ ತಲೆಗೆ ಸುತ್ತಿ ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬೋಲ್ಟಿನ ತಲೆಗಳು ಚೌಕ; ಆರು ಮೂಲೆಯ ಬೋಲ್ಟು ಒಂದೂ ಇಲ್ಲ. ಪಟ್ಟಿಗಳ ಮೇಲೆ ಕಮ್ಮಾರನ ಸುತ್ತಿಗೆಯ ಗುರುತು. ಚಕ್ರದ ಪಕ್ಕದಲ್ಲಿ ಬೆಲ್ಟಿನ ಪುಲ್ಲಿ, ಎಂದರೆ ಕುದುರೆ ಸುತ್ತಿಸಿದ್ದಲ್ಲ, ಇಂಜಿನ್ನಿನಿಂದ ಓಡಿದ್ದು. ಎಣ್ಣೆ ಕೇಳಿ ತರಿಸಿಕೊಂಡು ಸಿಕ್ಕ ಸಿಕ್ಕ ಬೇರಿಂಗಿಗೆಲ್ಲ ಹನಿಸಿದರು. ಯಾರ ಯಂತ್ರವಾದರೇನು, ಎಣ್ಣೆ ಹಾಕದೆ ಮಾತಾಡಿಸುವುದು ಅವರಿಗೆ ಗೊತ್ತಿರಲಿಲ್ಲ. ಪೆಟ್ಟಿಗೆಯೊಳಗೆ ಸಂದಿಗೊಂದಿಯಲ್ಲೆಲ್ಲ ಕರ್ರಗಾದ ಕಸ ತುಂಬಿತ್ತು. ಬೊಗಸೆ ಬೊಗಸೆ ಬಾಚಿ ಹೊರಗೆಸೆದರು.

"ಎಷ್ಟು ವರ್ಷದ್ದು ಅಪ್ಪಾಜಿ?" ಎಂದಳು ರಂಜನಿ.

"ನೂರು. ಹೆಚ್ಚುಕಮ್ಮಿ ಐದು ವರ್ಷ ಅತ್ತಾಗೆ ಇತ್ತಾಗೆ."

ಡೆಸ್ ತಲೆದೂಗಿದ. ಶೆಡ್ಡು ಕಟ್ಟಿದ್ದೂ ಆ ಕಾಲದಲ್ಲೇ.

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹಾಲಪ್ಪನವರು ದಬ್ಬುಹಲಗೆಯ ಮೇಲೆ ಅಂಗೈ ಇಟ್ಟಿದ್ದರು. ಇಪ್ಪತ್ತೆಂಟು ವರ್ಷದಿಂದ ಅವರ ಅಂಗೈ ಅಂಥದ್ದೊಂದನ್ನು ಮುಟ್ಟಿರಲಿಲ್ಲ. ತಣ್ಣಗಿನ ಕಬ್ಬಿಣ, ಎಣ್ಣೆ, ಮರ. ಕಣ್ಣು ಮುಚ್ಚಿದರೆ ದಾವಣಗೆರೆ, ಹನ್ನೊಂದೂವರೆಯ ಸೈರನ್ನು, ಗಾಳಿಯಲ್ಲಿ ತೇಲುವ ಹತ್ತಿ.

"ಕಾಟನ್ ಪ್ರೆಸ್" ಎಂದುಬಿಟ್ಟರು. "ಹಂಡ್ರೆಡ್ ಪರ್ಸೆಂಟ್."

ಡೆಸ್ ಕಣ್ಣು ಪಿಳಿಪಿಳಿ ಮಾಡಿದ. "ಹ್ಯಾಲ್, ಈ ಸುತ್ತಿನಲ್ಲಿ ಹತ್ತಿ ಬೆಳೆದಿದ್ದನ್ನ ನಮ್ಮಜ್ಜನೂ ನೋಡಿಲ್ಲ." ಹಾಲಪ್ಪ ಎನ್ನುವ ಹೆಸರನ್ನು ಅವನು ಬಂದ ಐದು ನಿಮಿಷದಲ್ಲೇ ಅರ್ಧಕ್ಕೆ ಕತ್ತರಿಸಿದ್ದ, ಕತ್ತರಿಸುವುದು ಅವನ ಕಸುಬಾಗಿತ್ತಲ್ಲ.

"ಬ್ರಿಸ್ಬೇನ್ ಕಡೆ ಬೆಳೀತಾರಲ್ಲ? ಅಲ್ಲಿಂದ ತಂದಿರ್ತಾರೆ."

"ಎರಡು ಸಾವಿರ ಕಿಲೋಮೀಟರ್! ನೂರು ವರ್ಷದ ಹಿಂದೆ! ಗಾಡೀಲಿ?"

"ನಮ್ಮದು ಸಮುದ್ರ ದಾಟಿ ದಾವಣಗೆರೆಗೆ ಬಂದಿರ್ಲಿಲ್ಲೇನು?"

"ಬಾಗಿಲೆಲ್ಲಿದೆ ಇದಕ್ಕೆ ಅಪ್ಪಾಜಿ?" ಎಂದಳು ರಂಜನಿ. ಅವಳು ಸಣ್ಣವಳಿದ್ದಾಗ ಬುತ್ತಿ ಕೊಡಲು ಹೋಗಿ ಆ ಪ್ರೆಸ್ಸಿನ ಬಾಗಿಲನ್ನು ನೂರು ಸಲ ನೋಡಿದ್ದಳು.

"ಕಳೆದುಹೋಗೇತಿ" ಎಂದರು ಹಾಲಪ್ಪನವರು, ಒಂದು ಕ್ಷಣವೂ ಯೋಚಿಸದೆ.

ಕಾರು ಹತ್ತುವಾಗ ಶಿವಮ್ಮನ ಕಂಕುಳಲ್ಲಿ ಒಂದು ದಪ್ಪ ಹಲಗೆ ಇತ್ತು. ಯಂತ್ರದ ಪಕ್ಕದ ಸೌದೆ ರಾಶಿಯಲ್ಲಿ ಸಿಕ್ಕಿದ್ದು. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಕಬ್ಬಿಣದಂಥ ಮರ. ಡೆಸ್ ಬಾರ್ಬಿಗೆ, ಎಂದರೆ ಹಿತ್ತಲಲ್ಲಿ ಮಾಂಸ ಸುಡುವ ಒಲೆಗೆ, ಉರಿಸಲು ಬೇಕಾದರೆ ಇನ್ನೂ ನಾಲ್ಕು ಒಯ್ಯಿರಿ ಎಂದ.

"ಉರಿಸಾಕಲ್ಲಪ್ಪ ಡೇಸಪ್ಪ, ಕೂರಾಕೆ" ಎಂದರು ಶಿವಮ್ಮ. ರಂಜನಿ ಇದನ್ನು ಅನುವಾದಿಸಲಿಲ್ಲ.

ಕ್ಲಬ್ಬಿನ ನಿಯಮ ಗಟ್ಟಿ. ಇದು ಏನು, ಹೇಗೆ ಗೊತ್ತಾಯಿತು, ಹೇಳುವವರು ಯಾರು, ಈ ಮೂರು ಪ್ರಶ್ನೆಗೆ ಉತ್ತರ ಬರೆದು ಸಹಿ ಹಾಕಿದ ಫಾರಂ ಇಲ್ಲದೆ ಒಂದು ಮೊಳೆಯೂ ಮ್ಯೂಸಿಯಮ್ ಸೇರುವಂತಿಲ್ಲ. ಕಮಿಟಿಯಲ್ಲಿ ಏಳು ಜನ ಮುದುಕರು, ಏಳೂ ಜನರಿಗೆ ಸೇರಿ ಒಂಬತ್ತು ಮಂಡಿ ಚೆನ್ನಾಗಿದ್ದವಂತೆ. ಹುಲ್ಲು, ಬಿತ್ತನೆ, ರಾಶಿ ಬಲ್ಲ ಇಬ್ಬರಿದ್ದರು, ಹಿಂದಿನ ಚಳಿಗಾಲದಲ್ಲಿ ಇಬ್ಬರೂ ತೀರಿಹೋದರು. ಉಳಿದವರೆಲ್ಲ ಡೆಸ್‌ನ ಹಾಗೆ ಕುರಿಯವರು. ಮಂಗಳವಾರ ಸಂಜೆ ಡೆಸ್ ಫೋನ್ ಮಾಡಿದ. ಹಾಲಪ್ಪನವರ ಮಾತಿನಂತೆ ಹತ್ತಿ ಪ್ರೆಸ್ ಎಂದು ಬರೆದುಕೊಟ್ಟಿದ್ದ ಫಾರಂ ಮೇಲೆ ಕಮಿಟಿಯವರು ಅಡ್ಡಗೆರೆ ಎಳೆದು ವಾಪಸ್ ಕೊಟ್ಟಿದ್ದರು. ಹತ್ತಿ ಎಂಬ ಮಾತು ಓದಿದಾಗ ಅವರು ನಕ್ಕ ನಗೆಗೆ ಒಬ್ಬರ ಹಲ್ಲಿನ ಸೆಟ್ಟು ಚಹಾದ ಕಪ್ಪಿಗೆ ಬಿತ್ತು ಎಂದು ಡೆಸ್ ಹೇಳಿದ. ಇದು ಉಬ್ಬಿಸಿದ್ದೋ ನಿಜವೋ ಹೇಳಲಾಗದು, ಈ ವಿದ್ಯೆಯಲ್ಲಿ ಅವನೂ ಕಡಿಮೆಯವನಲ್ಲ.

"ಶುಕ್ರವಾರ ಲಾರಿ ಬರುತ್ತೆ. ಸಾರಿ, ಹ್ಯಾಲ್" ಎಂದ.

ಹಾಲಪ್ಪನವರು ಗ್ಯಾರೇಜಿಗೆ ಹೋಗಿ ಕೂತರು. ನಿಹಾರಿಕಾ ಹೋಗಿ ಇಣುಕಿದಳು.

"ಅಜ್ಜ, ಇಟ್ಸ್ ಜಸ್ಟ್ ಎನ್ ಓಲ್ಡ್ ಮಷೀನ್."

"ಹೂಂ ಕಣವ್ವ. ನಾನೂ ಹಂಗೇ ಬರ್ಕೊಟ್ಟಿದ್ದೆ ಒಂದ್ಸಲ" ಎಂದರು. ಅವಳಿಗೆ ಕನ್ನಡ ಅರ್ಥವಾಯಿತು, ಮಾತು ಅರ್ಥವಾಗಲಿಲ್ಲ.

ಬುಧವಾರ ಬೆಳಿಗ್ಗೆ ಶಿವಮ್ಮ ಅಡುಗೆಮನೆಯ ನೆಲದ ಮೇಲೆ ಹೊಸ ಮಣೆ ಹಾಕಿ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಹಾಲಪ್ಪನವರು ಎದುರಿನ ಸ್ಟೂಲಿನ ಮೇಲೆ ಕಾಫಿ ಹಿಡಿದು ಮಂಕಾಗಿ ಕೂತಿದ್ದರು.

"ಎಷ್ಟ್ ಹೊತ್ತು ಹಂಗೆ ಮುಖ ಇಳಿಬಿಟ್ಕೊಂಡಿರ್ತೀರಿ? ನಿಮಗೆ ಇಡ್ಲಿ ಪಾತ್ರೆ ಕಂಡ್ರೂ ಹತ್ತಿ ಪ್ರೆಸ್ಸೇ. ಪರ್ತಿನಾಗೆ ಕಸದ ಲಾರಿ ಕಸ ಒತ್ತೋದ್ ನೋಡಿ ಹತ್ತಿ ಪ್ರೆಸ್ ಅಂದಿರ್ಲಿಲ್ವಾ?"

"ಅದು ಅದೇ ತತ್ವ ಕಣೆ."

"ತತ್ವ ಅಂತೆ. ಈ ಮಣೆ ಮಾಡಿದ ಬಡಗೀನೂ ನಿಮ್ಮ ಹಂಗೇ ತತ್ವದೋನೇ ಇರ್ಬೇಕು. ಕೂತ್ರೆ ಗೆರೆ ಒತ್ತತೈತಿ. ತಿರುಗ್ಸಿ ಹಾಕಿದ್ರೆ ಆ ಕಡೀಗೂ ಗೆರೆ. ಮಣೆಗೆ ಎರಡೂ ಕಡೆ ಯಾರಾದ್ರೂ ಗೆರೆ ಕೊರೀತಾರಾ?"

ಹಾಲಪ್ಪನವರು ಕಾಫಿ ಲೋಟ ಕೆಳಗಿಟ್ಟರು.

"ಏಳು."

"ಕಾಯಿ ಅರ್ಧ ಆಗೇತಿ."

"ಏಳೇ ಮಾರಾಯ್ತಿ!"

ಮಣೆಯನ್ನು ಬೆಳಕಿಗೆ ಹಿಡಿದರು. ಈ ಮುಖದಲ್ಲಿ ಉದ್ದಕ್ಕೆ ಮೂರು ಕಾಲುವೆ, ಆ ಮುಖದಲ್ಲಿ ಮೂರು. ಕಾಲುವೆಗಳ ತುದಿ ಸವೆದು ನುಣ್ಣಗಾಗಿತ್ತು. ಒಳಗೆ ಕೆಂಪಗೆ ತುಕ್ಕಿನ ಕಲೆ. ತಂತಿ. ಇಲ್ಲಿ ತಂತಿ ಹಾಯ್ದಿದೆ, ಒಂದೆರಡು ಸಲ ಅಲ್ಲ, ಸಾವಿರಾರು ಸಲ. ಈ ಮುಖದ ತಂತಿ ಒಂದು ಬೇಲಿಗೆ, ಆ ಮುಖದ ತಂತಿ ಇನ್ನೊಂದು ಬೇಲಿಗೆ. ಎಂದರೆ ಈ ಹಲಗೆ ಎರಡು ಬೇಲುಗಳ ನಡುವೆ ಕೂತದ್ದು. ಒಂದು ಬೇಲಿನ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ದಬ್ಬುಹಲಗೆ ಹಿಂದಿನಿಂದ ನೂಕುತ್ತಿದ್ದರೆ ಮುಂದಿನದು ತುದಿಯಿಂದ ತಾನೇ ಹೊರಗೆ ಬೀಳಬೇಕು.

ಹತ್ತಿ ಪ್ರೆಸ್ಸಿನಲ್ಲಿ ಒಂದು ಸಲಕ್ಕೆ ಒಂದೇ ಬೇಲು. ಅಲ್ಲಿ ನಡುವೆ ಇಡಲು ಹಲಗೆ ಬೇಕಾಗುವುದೇ ಇಲ್ಲ. ಅದಕ್ಕೇ ಅಲ್ಲಿ ಬಾಗಿಲು. ಇದಕ್ಕೆ ಬಾಗಿಲು ಕಳೆದುಹೋಗಿರಲಿಲ್ಲ, ಬಾಗಿಲು ಇದ್ದೇ ಇರಲಿಲ್ಲ.

ಮತ್ತೆ ಆ ಕಸ! ಶನಿವಾರ ಬೊಗಸೆ ಬೊಗಸೆ ಬಾಚಿ ಎಸೆದ ಕಸ. ಹಾಲಪ್ಪನವರು ಅಂಗೈ ಮೂಸಿದರು. ನಾಲ್ಕು ದಿನದ ಮೇಲೆ ಅಂಗೈಯಲ್ಲಿ ಕಾಫಿಯ ವಾಸನೆ ಬಿಟ್ಟು ಬೇರೇನೂ ಇರಲು ಸಾಧ್ಯವಿಲ್ಲ, ಆದರೂ ಅವರಿಗೆ ವಾಸನೆ ಬಂತು. ಫ್ರೀಮ್ಯಾಂಟಲಿನ ಆ ತೆರೆದ ಕಂಟೇನರಿನದು.

"ಹುಲ್ಲು" ಎಂದರು. "ಶಿವಮ್ಮ, ಹುಲ್ಲಿನ ಪ್ರೆಸ್ಸು ಕಣೆ ಅದು! ಗುರುತು ಅದರ ಒಳಗೇ ಇತ್ತು, ನಾನೇ ಗುಡಿಸಿ ಹಾಕ್ದೆ!"

"ಮತ್ತೆ ಹಂಡ್ರೆಡ್ ಪರ್ಸೆಂಟ್ ಅಂದ್ರಿ?"

ಹಾಲಪ್ಪನವರು ಮಣೆ ಕೆಳಗಿಟ್ಟರು. ಅಲ್ಲಿತ್ತು ತೊಡಕು. ಪ್ರೆಸ್ಸು ಉಳಿಯಬೇಕಾದರೆ ಹೊಸ ಫಾರಂ ಬರೆಯಬೇಕು. ಹೊಸದು ಬರೆಯಬೇಕಾದರೆ ಹಳೆಯದು ತಪ್ಪು ಎಂದು ತಾವೇ ಹೇಳಬೇಕು. ಎಪ್ಪತ್ತಾರು ವರ್ಷದಲ್ಲಿ ಬಾಯಿಂದ ಹೊರಬಿದ್ದಿರದ ಮಾತು ಅದು. ತೊಂಬತ್ತಾರರಲ್ಲಿ, ಎರಡನೆಯ ದಿನ, ಕಟರ್‌ನ ಬೆಂಕಿ ದೊಡ್ಡ ಕಂಬಕ್ಕೆ ಮುಟ್ಟುವ ಮೊದಲು ಆ ಮಾತು ಅವರ ನಾಲಿಗೆಯ ತುದಿಗೆ ಬಂದಿತ್ತು. ತಪ್ಪಾಯ್ತು, ಕಾಗದ ವಾಪಸ್ ಕೊಡಿ ಎಂದರೆ ಮುಗಿಯುತ್ತಿತ್ತೋ ಏನೋ. ಆಡಲಿಲ್ಲ. ಫಿಟ್ಟರ್ ಹಾಲಪ್ಪ ಬರೆದುಕೊಟ್ಟದ್ದನ್ನು ಹಾಲಪ್ಪನೇ ಅಳಿಸಿದ ಎಂದು ಊರವರು ಅಂದುಬಿಟ್ಟರೆ?

"ರಂಜನಿಗೆ ಫೋನ್ ಮಾಡ್ಲಾ?" ಎಂದರು ಶಿವಮ್ಮ, ಈ ಸಲ ಮೆಲ್ಲಗೆ.

"ಮಾಡು."

ಬುಧವಾರ ರಂಜನಿಗೆ ಅರ್ಧ ದಿನದ ಕ್ಲಿನಿಕ್ಕು. ಮಧ್ಯಾಹ್ನ ಮೂರಕ್ಕೆ ಮಣೆಯ ಸಮೇತ ಮೂವರೂ ಶೆಡ್ಡು ತಲುಪಿದರು. ಆರ್ವೋ ಚಹಾ ಎಂದು ತಾನು ಕರೆಯುವ ಮಧ್ಯಾಹ್ನದ ಚಹಾದ ಫ್ಲಾಸ್ಕ್ ಹಿಡಿದು ಡೆಸ್ ಬಾಗಿಲಲ್ಲೇ ನಿಂತಿದ್ದ. ಶನಿವಾರ ಹಾಲಪ್ಪನವರು ಎಸೆದ ಕಸ ಹಾಗೇ ಬಿದ್ದಿತ್ತು. ಅದರಿಂದ ಒಂದು ಮುಷ್ಟಿ ಎತ್ತಿ ಉಜ್ಜಿ ಡೆಸ್‌ನ ಮೂಗಿನ ಕೆಳಗೆ ಹಿಡಿದರು. ಕರ್ರಗಿನ ಮೇಲ್ಪದರ ಉದುರಿ ಒಳಗಿಂದ ಬಂಗಾರದ ಬಣ್ಣದ ನಾಲ್ಕು ಕಡ್ಡಿ ಉಳಿದವು.

"ಡೆಸ್" ಎಂದರು. ರಂಜನಿ ಅನುವಾದಿಸಲು ಬಾಯಿ ತೆರೆದಳು. ಕೈ ಅಡ್ಡ ಮಾಡಿ ತಡೆದರು. "ಐ ರಾಂಗ್. ಕಾಟನ್ ರಾಂಗ್. ಫುಲ್ ರಾಂಗ್."

ಆಕಾಶ ಬೀಳಲಿಲ್ಲ. ದಾವಣಗೆರೆಯಿಂದ ಯಾರೂ ಓಡಿ ಬರಲಿಲ್ಲ. ಒಂದು ಕಾಗೆ ಕೂಗಿತು, ಅದೂ ಬೇರೆ ಯಾವುದೋ ವಿಷಯಕ್ಕೆ.

"ನಾನೂ ರಾಂಗ್, ಮೇಟ್" ಎಂದ ಡೆಸ್. "ನಾನು ಉಣ್ಣೆ ಅಂದಿದ್ದೆ, ಮರೆತ್ಯಾ?"

ಹಾಲಪ್ಪನವರು ಮಣೆಯನ್ನು ಪೆಟ್ಟಿಗೆಯ ಮೇಲಿನ ಬಾಯಿಂದ ಒಳಗಿಳಿಸಿದರು. ಎರಡೂ ಬದಿಗೆ ಒಂದು ಕೂದಲೆಳೆ ಬಿಟ್ಟು ಟಕ್ಕೆಂದು ಕೂತಿತು. ಪೆಟ್ಟಿಗೆಯ ಎರಡೂ ಪಕ್ಕದ ಸಂದಿಗಳೂ ಮಣೆಯ ಕಾಲುವೆಗಳೂ ನೇರ ಒಂದೇ ಗೆರೆಯಲ್ಲಿ. ಇತ್ತ ನಿಂತವನು ತಂತಿ ತೂರಿಸಿದರೆ ಅತ್ತ ನಿಂತವನು ಎಳೆದುಕೊಂಡು, ಹಿಂದಿನ ಹಲಗೆಯ ಕಾಲುವೆಯಿಂದ ತಿರುಗಿ ಕಳಿಸಿ, ಬಿಗಿದು ಕಟ್ಟಬಹುದು. ಶನಿವಾರ ಹಾಕಿದ ಎಣ್ಣೆ ನಾಲ್ಕು ದಿನದಲ್ಲಿ ಬೇರಿಂಗಿನ ಒಳಗಿಳಿದಿತ್ತು. ಇಬ್ಬರು ಮುದುಕರು ಚಕ್ರಕ್ಕೆ ಹೆಗಲು ಕೊಟ್ಟರು. ಮೊದಲು ಡೆಸ್‌ನ ಮಂಡಿ ಕಿರುಗುಟ್ಟಿತು, ಆಮೇಲೆ ಹಾಲಪ್ಪನವರ ಸೊಂಟ, ಕೊನೆಗೆ ಯಂತ್ರ. ಚಕ್ರ ಕಾಲು ಸುತ್ತು ತಿರುಗಿತು. ದಬ್ಬುಹಲಗೆ ಮುಂದೆ ಸರಿದು ಮಣೆಗೆ ತಾಗಿ, ಅದನ್ನು ನೂಕಿತು. ತೆರೆದ ತುದಿಯ ಕಡೆಗೆ ಮಣೆ ಎರಡು ಬೆರಳಷ್ಟು ಜರುಗಿತು.

"ನನ್ನ ಮಣೆ!" ಎಂದರು ಶಿವಮ್ಮ.

ಡೆಸ್ ಫಾರಂ ತಂದ. ಉತ್ತರಗಳನ್ನು ರಂಜನಿ ಬರೆದಳು. ಇದು ಏನು: ಒಣಹುಲ್ಲಿನ ಬೇಲು ಕಟ್ಟುವ ಪ್ರೆಸ್ಸು, ಬೆಲ್ಟಿನಿಂದ ಓಡುವಂಥದ್ದು, ಸುಮಾರು ನೂರು ವರ್ಷ. ಹೇಗೆ ಗೊತ್ತಾಯಿತು: ಬಾಗಿಲು ಇಲ್ಲ, ಬೇಲುಗಳ ನಡುವಿನ ಹಲಗೆ ಇದೆ, ಹುಲ್ಲು ಇದೆ. ಹೇಳುವವರು ಯಾರು ಎಂಬಲ್ಲಿ ಪೆನ್ನು ಹಾಲಪ್ಪನವರ ಕೈಗೆ ಬಂತು. ಶೆಡ್ಡಿನ ಬೆಳಕಿನಲ್ಲಿ ಕನ್ನಡಕ ಹಣೆಗೇರಿಸಿ, ಮತ್ತೆ ಇಳಿಸಿ, ಸ್ವಲ್ಪ ಹೊತ್ತು ಕಾಗದ ನೋಡಿದರು. ತೊಂಬತ್ತಾರರ ಆ ಹಳೇ ಕಾಗದಕ್ಕೆ ಇಂಗ್ಲಿಷಿನಲ್ಲಿ ಸಹಿ ಹಾಕಿದ್ದರು. ಇದಕ್ಕೆ ಕನ್ನಡದಲ್ಲಿ ಹಾಕಿದರು, ನಿಧಾನವಾಗಿ, ಒತ್ತು ದೀರ್ಘ ಬಿಡದೆ: ಹಾಲಪ್ಪ, ಪ್ರೆಸ್ ಫಿಟ್ಟರ್, ದಾವಣಗೆರೆ.

"ಇದನ್ನ ನಮ್ಮ ಕಮಿಟೀಲಿ ಯಾರು ಓದ್ತಾರೆ?" ಎಂದ ಡೆಸ್.

"ನಾಟ್ ರೀಡ್. ಕೀಪ್" ಎಂದರು ಹಾಲಪ್ಪನವರು. ಕ್ರಿಯಾಪದಗಳು ಕೊನೆಗೂ ಬಂದಿದ್ದವು.

ಶುಕ್ರವಾರ ಎರಡು ಲಾರಿ ಬಂದವು. ಗುಜರಿ ಲಾರಿ ತಗಡು, ಮುರಿದ ಗೇಟು ತುಂಬಿಕೊಂಡು ಹೋಯಿತು. ಕ್ಲಬ್ಬಿನ ಲಾರಿ ಪ್ರೆಸ್ಸನ್ನು ಹೊತ್ತು ಮ್ಯೂಸಿಯಮ್ಮಿನ ದಾರಿ ಹಿಡಿಯಿತು. ಮಣೆಯೂ ಹೋಗಬೇಕಾಯಿತು, ಸಾಕ್ಷಿಯೇ ಅದು. ಶಿವಮ್ಮ ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಡೆಸ್ ಒಂದು ವಾರ ಕೂತು ಕೆಂಪು ಗಮ್ ಎನ್ನುವ ನೀಲಗಿರಿ ಜಾತಿಯ ಮರದಲ್ಲಿ ಹೊಸ ಮಣೆ ಮಾಡಿ, ನಾಲ್ಕು ಗಿಡ್ಡ ಕಾಲಿಟ್ಟು, ಮೇಲ್ಮೈಯನ್ನು ಕನ್ನಡಿಯ ಹಾಗೆ ನುಣುಪು ಮಾಡಿ ತಂದುಕೊಟ್ಟ. ಕೂತರೆ ಜಾರಿ ಹಿತ್ತಲ ಬಾಗಿಲವರೆಗೆ ಹೋಗುವಷ್ಟು ನುಣುಪು ಎಂದು ಶಿವಮ್ಮ ದೂರುತ್ತಾರೆ. ಆದರೆ ಅದರ ಮೇಲೆ ಬೇರೆ ಯಾರನ್ನೂ ಕೂರಲು ಬಿಡುವುದಿಲ್ಲ.

ಮೊನ್ನೆ ಹುಲ್ಲು ಕೊಯ್ಲಿನ ಕಾಲಕ್ಕೆ ಕ್ಲಬ್ಬಿನವರು ಹಳೇ ಇಂಜಿನ್ನಿಗೆ ಬೆಲ್ಟು ಹಾಕಿ ಪ್ರೆಸ್ಸನ್ನು ಓಡಿಸಿದರು. ಏಳು ಮುದುಕರು ಫೋರ್ಕಿನಲ್ಲಿ ಹುಲ್ಲು ಎತ್ತಿ ಕೊಡುತ್ತಿದ್ದರು. ಇತ್ತ ತಂತಿ ತೂರಿಸಲು ಡೆಸ್, ಅತ್ತ ಎಳೆಯಲು ಹಾಲಪ್ಪನವರು. ಮೊದಲ ಬೇಲು ತುದಿಗೆ ಬಂದು, ಒಂದು ಕ್ಷಣ ಯೋಚಿಸಿ, ದೊಪ್ಪೆಂದು ಹುಲ್ಲುಗಾವಲಿಗೆ ಬಿತ್ತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಹಾಲಪ್ಪನವರ ಬಲಗೈ ಮಾತ್ರ ಅಭ್ಯಾಸಬಲದಿಂದ ಗಾಳಿಯಲ್ಲಿ ಮೇಲೆದ್ದಿತ್ತು, ಅಲ್ಲಿಲ್ಲದ ಬಾಗಿಲಿನ ಕೊಂಡಿ ತೆಗೆಯಲು.

"ಏನ್ರೀ ಅದು ಕೈ?" ಎಂದು ಬೇಲಿಯಾಚೆಯಿಂದ ಶಿವಮ್ಮ ಕೂಗಿದರು.

ಹಾಲಪ್ಪನವರು ಕೈ ಇಳಿಸಿ ಟವೆಲಿನಿಂದ ಮುಖ ಒರೆಸಿಕೊಂಡರು. "ನೊಣ ಕಣೆ" ಎಂದರು. "ಕುರಿ ಗಾತ್ರದ್ದು."